ಗುಮ್ಮಟದ ಮೇಲಿನ ನೀರು, ಬಾವಡಿಯೊಳಗಿನ ನೀರು

(ವಿಜಯಪುರದ ಹಳೆಯ ಕಟ್ಟಡಗಳ ಕುರಿತು ಊರಿನವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಗೋಳಗುಮ್ಮಟ ಹತ್ತದವರು ಯಾರೂ ಇರಲಿಕ್ಕಿಲ್ಲ. ಸಾಲಿಯಲ್ಲಿದ್ದಾಗ ಒಮ್ಮೆ, ಬೀಗರು ಊರಿಗೆ ಬಂದಾಗಲೆಲ್ಲ ಒಮ್ಮೊಮ್ಮೆ ಹತ್ತಿರುತ್ತೀರಿ. ಹಾಗಾಗಿ ಯಾವ ಸುಲ್ತಾನನ ನಂತರ ಯಾವ ಸುಲ್ತಾನ ಎಂಬ ಪಟ್ಟಿಯನ್ನು ಇವತ್ತು ಓದುವುದಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಂಡು ಊರು ಸುತ್ತೋಣ: ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಈ ಊರು ಕಟ್ಟಿದವರು ನೀರು ನಿಲ್ಲಬೇಕಾದಲ್ಲಿ ನಿಲ್ಲಿಸಿದ್ದರು, ನಿಲ್ಲಬಾರದಲ್ಲಿಂದ ಓಡಿಸಿದ್ದರು. ಈಗ ಹಲವು ಕಡೆ ಅದು ತಲೆಕೆಳಗಾಗಿದೆ. ಬಾವಡಿ, ಅಂದರೆ ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿ, ಒಣಗಿರುತ್ತದೆ, ಚಾವಣಿಯ ಮೇಲೆ ನೀರು ನಿಂತಿರುತ್ತದೆ. ಬಿರುಕು, ಉದುರುವ ಗಿಲಾವಾ (ಗೋಡೆಗೆ ಬಳಿದ ಗಾರೆ), ಸಂದಿಯಲ್ಲಿ ಚಿಗುರಿದ ಅರಳಿ ಗಿಡ, ಈ ಮೂರನ್ನೂ ಬೆನ್ನುಹತ್ತಿ ಹೋದರೆ ಸಿಗುವುದು ನೀರೇ.

ಮೊದಲು ನೆಲ ನೋಡೋಣ. ನಾವು ಕೂತಿರುವುದು ಕರಿಕಲ್ಲಿನ ಹಾಸಿನ ಮೇಲೆ. ಮೇಲೆ ಎರೆಮಣ್ಣು, ಕೆಳಗೆ ಬಿರುಕುಬಿಟ್ಟ ಬಂಡೆ, ಅದರಡಿ ಗಟ್ಟಿ ಬಂಡೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದೂ ನಂಬಿಕೆಯಿಲ್ಲದ ಮಳೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುತ್ತೇವೆ, ಆದರೆ ಡೋಣಿ ಹೊಳೆಯ ನೀರು ಸವಳು, ಕುಡಿಯಲಿಕ್ಕೆ ಬರುವುದಿಲ್ಲ. ಇಂಥ ಜಾಗದಲ್ಲಿ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಎಬ್ಬಿಸಿದ. ಗೋಡೆ ಮುಗಿದದ್ದು 1565ರ ಸುಮಾರಿಗೆ. ಗೋಡೆಯೊಳಗೆ ಅಷ್ಟು ಜನರನ್ನು ಕೂಡಿಸಿದ ಮೇಲೆ ನೀರು ಕೊಡಲೇಬೇಕಲ್ಲ. ಕೋಟೆ, ಜುಮ್ಮಾ ಮಸೀದಿ, ಚಾಂದ ಬಾವಡಿ ಮೂರೂ ಒಬ್ಬನೇ ಅರಸನ ಕಾಲದಲ್ಲಿ ಬಂದದ್ದು ಆಕಸ್ಮಿಕವಲ್ಲ.

ನೀರು ಬಂದದ್ದು ಎರಡು ದಿಕ್ಕಿನಿಂದ. ಪಶ್ಚಿಮದ ತೊರವಿಯಿಂದ ಸುರಂಗದಲ್ಲಿ, ದಕ್ಷಿಣದ ಬೇಗಂ ತಲಾಬಿನಿಂದ ಕೊಳವೆಯಲ್ಲಿ.

ತೊರವಿಯ ಸುರಂಗ ಅಂದರೆ ನೆಲದಡಿಯ ಕಾಲುವೆ. ಎತ್ತರದ ಕಡೆ ಬಸಿನೀರು ಹಿಡಿದು, ಸಣ್ಣ ಇಳಿಜಾರಿನಲ್ಲಿ ಊರಿನತ್ತ ಹರಿಸುವುದು. ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ತೂತುಗಳಿರುತ್ತವೆ. ಅಗೆಯುವಾಗ ಮಣ್ಣು ಮೇಲೆತ್ತಿದ್ದು ಅವುಗಳಿಂದ, ಒಳಗಿನವರಿಗೆ ಗಾಳಿ ಬೆಳಕು ಬಂದದ್ದು ಅವುಗಳಿಂದ, ಆಮೇಲೆ ಹೂಳು ತೆಗೆಯಲು ಇಳಿದದ್ದೂ ಅವುಗಳಿಂದಲೇ. ಇಂಥ ಕಾಲುವೆಯ ಜೀವ ಇಳಿಜಾರಿನಲ್ಲಿದೆ. ಇಳಿಜಾರು ಹೆಚ್ಚಾದರೆ ನೀರು ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ನಡುವೆ ಒಂದು ತೂತಿನ ಗೋಡೆ ಕುಸಿದರೆ ಅದರ ಹಿಂದಿನ ನೀರೆಲ್ಲ ಅಲ್ಲೇ ನಿಲ್ಲುತ್ತದೆ, ಮುಂದಿನ ಊರಿಗೆ ಹನಿ ಇಲ್ಲ. ಆದ್ದರಿಂದ ಹೊಲದಲ್ಲಿ ಕಾಣುವ ಹಳೆಯ ತೂತನ್ನು ಯಾರೋ ಕಲ್ಲುಮಣ್ಣು ಸುರಿದು ಮುಚ್ಚಿದರೆ, ಒಂದು ಬಾವಿ ಮುಚ್ಚಿದ್ದಲ್ಲ, ಇಡೀ ಸಾಲನ್ನೇ ಕತ್ತರಿಸಿದ್ದು.

ಬೇಗಂ ತಲಾಬ್ 1651ರದ್ದು. ಮುಹಮ್ಮದ್ ಆದಿಲ್ ಶಾಹ ಜಹಾನ್ ಬೇಗಮಳ ನೆನಪಿಗೆ ಕಟ್ಟಿಸಿದ ಈ ಕೆರೆಯ ಹರವು 234 ಎಕರೆ. ಅಲ್ಲಿಂದ ಊರಿಗೆ ಮಣ್ಣಿನ ಕೊಳವೆಗಳು ಬಂದವು. ಕುಂಬಾರ ಸುಟ್ಟ ಕೊಳವೆಯನ್ನು ಒಂದರ ಬಾಯಿಗೆ ಇನ್ನೊಂದು ಸೇರಿಸಿ, ಸುತ್ತಲೂ ಕಲ್ಲು ಮತ್ತು ಗಚ್ಚಿನ (ಸುಣ್ಣದ ಗಾರೆಯ) ಕವಚ ಕಟ್ಟಿ, ನೆಲದೊಳಗೆ ಹೂತಿದ್ದಾರೆ. ಕವಚ ಯಾಕೆ ಬೇಕು? ಮಣ್ಣಿನ ಕೊಳವೆ ಮೇಲಿನ ಭಾರವನ್ನು ಹೇಗೋ ತಾಳುತ್ತದೆ, ಒಳಗಿನ ಒತ್ತಡವನ್ನು ತಾಳುವುದಿಲ್ಲ. ನೀರಿನ ಮಟ್ಟ ಹತ್ತು ಮೀಟರ್ ಎತ್ತರವಿದ್ದರೆ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ಮೊದಲು ಬಿಚ್ಚಿಕೊಳ್ಳುವುದು ಕೊಳವೆಯ ಜೋಡಣೆ.

ಊರಲ್ಲಿ ಅಲ್ಲಲ್ಲಿ ನಿಂತಿರುವ ಚೌಕ ಗೋಪುರಗಳು, ನಾವು ಗಂಜ್ ಎನ್ನುವವು, ಇದಕ್ಕೇ ಹುಟ್ಟಿದವು. ಬಾಗಿಲಿಲ್ಲ, ಕಿಟಕಿ ಇಲ್ಲ, ಎತ್ತರ 25ರಿಂದ 40 ಅಡಿ. ಹೊಸಬರು ಇವನ್ನು ಕಾವಲುಗೋಪುರ ಎಂದುಕೊಳ್ಳುತ್ತಾರೆ. ಕೆರೆಯಿಂದ ಬಂದ ನೀರು ಗೋಪುರದೊಳಗೆ ಮೇಲೇರಿ, ಬಾಯಿ ತೆರೆದ ಜಾಗದಲ್ಲಿ ಗಾಳಿಗೆ ಸೇರಿ, ಮತ್ತೆ ಕೆಳಗಿಳಿದು ಮುಂದಿನ ಕೊಳವೆಗೆ ಹೋಗುತ್ತಿತ್ತು. ಇದರಿಂದ ಮೂರು ಕೆಲಸ ಆಗುತ್ತವೆ. ಕೊಳವೆಯೊಳಗಿನ ಒತ್ತಡ ಗೋಪುರದ ಎತ್ತರ ಮೀರುವುದಿಲ್ಲ. ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ, ಇಲ್ಲದಿದ್ದರೆ ಗಾಳಿಯ ಗುಳ್ಳೆಯೇ ನೀರಿಗೆ ಅಡ್ಡ ನಿಲ್ಲುತ್ತದೆ. ಮತ್ತು ಕೆಸರು ತಳದಲ್ಲಿ ಕೂರುತ್ತದೆ, ಅದನ್ನು ಅಲ್ಲೇ ತೆಗೆಯಬಹುದು. ಅಲ್ಲಿಂದ ಬೇರೆ ಬೇರೆ ದಿಕ್ಕಿಗೆ ಕವಲು ಕೊಡಲೂ ಅನುಕೂಲ. ಇವತ್ತು ನಗರದ ಮೇಲ್ಮಟ್ಟದ ಟಾಕಿ ಮಾಡುವ ಕೆಲಸವನ್ನು, ನೀರು ಕೂಡಿಸಿಡುವುದೊಂದನ್ನು ಬಿಟ್ಟು, ಇವು ಮಾಡುತ್ತಿದ್ದವು. ಊರಿನ ಸ್ಮಾರಕಗಳಲ್ಲಿ ಅತಿ ಕಡಿಮೆ ಗೌರವ ಸಿಕ್ಕಿರುವುದು ಇವುಗಳಿಗೇ. ಫೋಟೋಕ್ಕೆ ಚಂದ ಕಾಣುವುದಿಲ್ಲ ಎಂಬುದೊಂದೇ ಇವುಗಳ ತಪ್ಪು.

ಇನ್ನು ಬಾವಡಿಗಳು. ಚಾಂದ ಬಾವಡಿ 1579ರದ್ದು, ಶಹಾಪುರ ದರವಾಜದ ಕಡೆ. ತಾಜ್ ಬಾವಡಿ 1620ರದ್ದು, ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು, ಮಕ್ಕಾ ದರವಾಜದ ಹತ್ತಿರ. ಎರಡನ್ನೂ ಒಂದೇ ದಿನ ನೋಡಿದರೆ ಮೊದಲನೆಯದು ಎರಡನೆಯದಕ್ಕೆ ಮಾದರಿ ಎಂಬುದು ತಾನೇ ತಿಳಿಯುತ್ತದೆ. ತಾಜ್ ಬಾವಡಿಯ ಮುಂದಿನ ಕಮಾನು ಸುಮಾರು 35 ಅಡಿ ಅಗಲ, ಎರಡೂ ಬದಿಗೆ ಎಂಟು ಮೂಲೆಯ ಬುರುಜು, ಅವಕ್ಕೆ ಹತ್ತಿಕೊಂಡು ಪ್ರಯಾಣಿಕರು ಇಳಿದುಕೊಳ್ಳುವ ಕೋಣೆಗಳು. ಕೊಳ ಸುಮಾರು 223 ಅಡಿ ಚೌಕ, ಆಳ ಸುಮಾರು 52 ಅಡಿ. ಲೆಕ್ಕ ಹಾಕಿ ನೋಡಿ: ಒಂದು ಅಡಿ ನೀರು ಏರಿದರೆ ಸುಮಾರು 14 ಲಕ್ಷ ಲೀಟರ್ ಕೂಡಿತು. ಒಂದು ಅಡಿ ಹೂಳು ತುಂಬಿದರೆ ಅಷ್ಟೇ ಜಾಗ ಹೋಯಿತು. ಅಷ್ಟೇ ಅಲ್ಲ, ಬಾವಡಿಗೆ ತಳದ ಬಂಡೆಯ ಬಿರುಕಿನಿಂದಲೂ ಸೆಲೆ ಬರುತ್ತದೆ. ನೀರಿಗೆ ಬಿಟ್ಟ ಗಣಪತಿ ಮೂರ್ತಿಯ ಜೇಡಿ, ಪ್ಲಾಸ್ಟರಿನ ಪುಡಿ, ಬಣ್ಣ, ಪ್ಲಾಸ್ಟಿಕ್ ಸೇರಿ ತಳದಲ್ಲಿ ಮೆತ್ತಿಕೊಂಡರೆ ಸೆಲೆಯ ಬಾಯಿ ಮುಚ್ಚುತ್ತದೆ. ಆಗ ಹೊರಗೆ ಎಷ್ಟು ಮಳೆಯಾದರೂ ಒಳಗಿನ ನೀರು ಹಳೆಯದಾಗಿ ನಾರುತ್ತದೆ. ತಾಜ್ ಬಾವಡಿಗೆ ಆದದ್ದು ಅದೇ. ಅರಿವೆ ಒಗೆಯುವುದು, ಗಣಪತಿ ಬಿಡುವುದು, ಕಸ ಚೆಲ್ಲುವುದು ಎಲ್ಲ ಅಲ್ಲೇ ನಡೆದಿತ್ತು. ಹೂಳು ತೆಗೆದ ಮೇಲೆ ನೀರಿನ ಬಣ್ಣವೇ ಬೇರೆಯಾಯಿತು. ಆದರೆ ಹೂಳು ತೆಗೆಯುವುದು ಒಂದು ಸಲದ ಕೆಲಸವಲ್ಲ. ಬಾವಡಿಗೆ ಬಂದು ಬೀಳುವ ಓಣಿಯ ಗಟಾರವನ್ನು ತಿರುಗಿಸದೆ ತಳ ಕೆರೆದರೆ ಮತ್ತೆ ಅದೇ ಗತಿ.

ಈ ನೀರನ್ನು ಅವರು ಎಲ್ಲೆಲ್ಲಿಗೆ ಒಯ್ದಿದ್ದರು ನೋಡಿ. ಅಸರ್ ಮಹಲಿನ ಮುಂದಿನ ದೊಡ್ಡ ಹೊಂಡ ತುಂಬುತ್ತಿದ್ದುದು ಬೇಗಂ ತಲಾಬಿನ ನೀರಿನಿಂದ. ಸಾತ್ ಮಂಜಿಲ್‌ನ ಮೇಲಿನ ಅಂತಸ್ತುಗಳಲ್ಲಿ ಇವತ್ತಿಗೂ ತೊಟ್ಟಿ ಮತ್ತು ಕೊಳವೆಯ ಗುರುತುಗಳಿವೆ. ಅದರ ಎದುರಿಗೆ ರಸ್ತೆಯ ಪಕ್ಕದ ಪುಟ್ಟ ಜಲ ಮಂಜಿಲ್, ವಾಹನಗಳ ನಡುವೆ ಸಿಕ್ಕಿಕೊಂಡಿರುವ ಆ ಕೆತ್ತನೆಯ ಮಂಟಪ, ಒಂದು ಕಾಲಕ್ಕೆ ನೀರಿನ ನಡುವೆ ನಿಂತದ್ದು. ಊರಾಚೆ ಕುಮಟಗಿಯಲ್ಲಿ ಇದೇ ವಿದ್ಯೆಯನ್ನು ಮೋಜಿಗೆ ಬಳಸಿದ್ದಾರೆ. ಕೆರೆಯ ದಂಡೆಯ ಮಂಟಪ, ಚಾವಣಿಯಿಂದ ಕಾರಂಜಿಯಂತೆ ಸುರಿಯುವ ನೀರು. ಆ ಮಂಟಪಗಳ ಗೋಡೆಯ ಚಿತ್ರಗಳು ಮಾಸಿವೆ. ಕುಮಟಗಿಗೆ ಹೋಗುವುದಾದರೆ ಚಾವಣಿಯ ಕಲ್ಲಿನಲ್ಲಿರುವ ತೂತುಗಳನ್ನು ಹುಡುಕಿ ನೋಡಿ, ಚಿತ್ರಗಳ ಗೋಡೆಯನ್ನು ಮಾತ್ರ ಮುಟ್ಟಬೇಡಿ.

ನಿಲ್ಲಿಸಿದ ನೀರಿನ ಮಾತು ಇಷ್ಟು. ಇನ್ನು ಓಡಿಸಬೇಕಾದ ನೀರು. ಅದಕ್ಕೆ ಗುಮ್ಮಟಕ್ಕೇ ಹೋಗಬೇಕು.

ಆದರೆ ಗೋಳಗುಮ್ಮಟ ಅರ್ಥವಾಗಬೇಕಾದರೆ ಮೊದಲು ಜುಮ್ಮಾ ಮಸೀದಿಗೆ ಹೋಗಿ. ಒಳಗೆ 45 ಅಂಕಣಗಳಿವೆ. ನಡುವಿನ ಒಂಬತ್ತು ಅಂಕಣಗಳ ಜಾಗವನ್ನು ಬಯಲಾಗಿ ಬಿಟ್ಟು ಅದರ ಮೇಲೆ ಗುಮ್ಮಟ ಕೂರಿಸಿದ್ದಾರೆ. ಚೌಕದ ಮೇಲೆ ದುಂಡನೆಯದನ್ನು ಕೂರಿಸುವುದು ಹೇಗೆ? ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸುವ ಹಾಗೆ ಎಬ್ಬಿಸಿದರು. ಕಮಾನುಗಳು ಕತ್ತರಿಸಿದ ಮೇಲೆ ನಡುವೆ ಉಳಿಯುವುದು ಎಂಟು ಮೂಲೆ, ಅದನ್ನು ದುಂಡಗೆ ತಿದ್ದುವುದು ಸುಲಭ. ಜುಮ್ಮಾ ಮಸೀದಿಯಲ್ಲಿ ಈ ಕಮಾನುಗಳು ಕಣ್ಣಳತೆಯಲ್ಲಿವೆ. ನಡುವೆ ನಿಂತು ಕತ್ತೆತ್ತಿ ಒಂದೊಂದೇ ಕಮಾನಿನ ಬುಡದಿಂದ ತುದಿಯವರೆಗೆ ಕಣ್ಣು ಓಡಿಸಿ. ಹತ್ತು ನಿಮಿಷದಲ್ಲಿ ಲೆಕ್ಕ ಬಿಡಿಸಿಕೊಳ್ಳುತ್ತದೆ. ಆಮೇಲೆ ಗೋಳಗುಮ್ಮಟಕ್ಕೆ ಹೋದರೆ ಅದೇ ಲೆಕ್ಕ ಅಗಾಧವಾಗಿ ಕಾಣುತ್ತದೆ. ನೇರವಾಗಿ ಅಲ್ಲಿಗೇ ಹೋದರೆ ಬರೀ ದೊಡ್ಡದು ಕಾಣುತ್ತದೆ.

ಗೋಳಗುಮ್ಮಟದ ಅಳತೆ: ಹೊರಗೆ ಒಂದೊಂದು ಬದಿ ಸುಮಾರು 47.5 ಮೀಟರ್, ಒಳಗೆ ಸುಮಾರು 41 ಮೀಟರ್. ಗೋಡೆ ಮೂರು ಮೀಟರ್ ದಪ್ಪ ಎಂದಾಯಿತು. ಒಳಗಿನ ನೆಲ ಸುಮಾರು 1,700 ಚದರ ಮೀಟರ್, ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಹೊರ ವ್ಯಾಸ 44 ಮೀಟರ್, ಒಳ ವ್ಯಾಸ ಹತ್ತಿರ ಹತ್ತಿರ 38 ಮೀಟರ್. ಅದರ ದಪ್ಪ ಬುಡದಲ್ಲಿ ಸುಮಾರು 10 ಅಡಿ, ನೆತ್ತಿಯಲ್ಲಿ 9 ಅಡಿ. ಇದು ಮುಹಮ್ಮದ್ ಆದಿಲ್ ಶಾಹನ ಗೋರಿ; ಅವನು ತೀರಿಕೊಂಡದ್ದು 1656ರಲ್ಲಿ, ಕೆಲಸ ನಿಂತದ್ದೂ ಆಗಲೇ. ದಾಭೋಳದ ಯಾಕೂತ್ ಎಂಬವನು ಇದರ ಶಿಲ್ಪಿ ಎಂದು ಹೇಳುತ್ತ ಬಂದಿದ್ದಾರೆ.

ಇಷ್ಟು ಭಾರದ ಗುಮ್ಮಟ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ. ಎಲ್ಲ ಗುಮ್ಮಟಗಳ ರೋಗ ಅದೇ. ಬುಡ ಅಗಲವಾಗುತ್ತ ಹೋದರೆ ಮೇಲಿನಿಂದ ಕೆಳಕ್ಕೆ ಬಿರುಕು ಬಿಡುತ್ತದೆ. ಇಲ್ಲಿ ಅದನ್ನು ತಡೆದದ್ದು ಎರಡು. ಒಂದು, ಗೋಡೆ ಮತ್ತು ನಾಲ್ಕು ಮೂಲೆಯ ಏಳಂತಸ್ತಿನ ಮಿನಾರುಗಳ ಭಾರ. ಇನ್ನೊಂದು, ಜಾಣತನದ್ದು. ಕಮಾನುಗಳು ಒಳಕ್ಕೆ ಬಾಗುತ್ತ ಬಂದು ಮಾಡಿದ ಬಳೆಯ ಅಂಚಿನ ಮೇಲೆ ಗುಮ್ಮಟವನ್ನು ಕೂರಿಸದೆ, ಅಂಚಿನಿಂದ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಹೀಗೆ ಉಳಿದ ಜಾಗವೇ ನಾವು ಓಡಾಡುವ ಪಿಸುಮಾತಿನ ಗ್ಯಾಲರಿ, ಅಗಲ ಸುಮಾರು 3.4 ಮೀಟರ್, ನೆಲದಿಂದ ಸುಮಾರು 33 ಮೀಟರ್ ಎತ್ತರ. ಒಳಕ್ಕೆ ಚಾಚಿದ ಆ ಬಳೆಯ ಭಾರ ಒಳಕ್ಕೆ ಎಳೆಯುತ್ತದೆ, ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಎರಡೂ ಒಂದನ್ನೊಂದು ತೂಗುತ್ತವೆ. ನೀವು ನಿಂತು ಪಿಸುಗುಟ್ಟುವ ಜಾಗವೇ ಗುಮ್ಮಟವನ್ನು ಹಿಡಿದಿಟ್ಟಿರುವ ಜಾಗ.

ಪಿಸುಮಾತಿನ ವಿಷಯ ಬಂತು, ಹೇಳಿಬಿಡುತ್ತೇನೆ. ಬಹಳ ಮಂದಿ ನಡುವಿನ ಬಯಲಿಗೆ ಮುಖಮಾಡಿ ಕೂಗುತ್ತಾರೆ. ಅದು ಬರೀ ಗದ್ದಲ. ಗೋಡೆಗೆ ಮುಖ ಹತ್ತಿರ ತಂದು, ಗೋಡೆಯ ಗುಂಟ ಸಣ್ಣಗೆ ಮಾತಾಡಬೇಕು. ಕೇಳುವವರು ಸರಿಯಾಗಿ ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಡಬೇಕು. ದುಂಡು ಗೋಡೆ ಶಬ್ದವನ್ನು ಚದುರಗೊಡದೆ ಅಂಚಿನಲ್ಲೇ ಸಾಗಿಸುತ್ತದೆ. ಚಪ್ಪಾಳೆ ಒಂದೇ ಸಲ ತಟ್ಟಿ ಸುಮ್ಮನಾಗಿ. 38 ಮೀಟರ್ ದಾಟಿ ಮರಳಲು ಶಬ್ದಕ್ಕೆ ಸೆಕೆಂಡಿನ ಕಾಲು ಭಾಗವೂ ಬೇಡ, ಅದಕ್ಕೇ ಮರುದನಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಎರಡನೇ ಚಪ್ಪಾಳೆ ಹೊಡೆದಿರೋ ಎಣಿಕೆ ಕೆಟ್ಟಿತು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಹತ್ತು ಗಂಟೆಯ ಮೇಲೆ ಸಾಲಿ ಮಕ್ಕಳ ಬಸ್ಸು ಬಂದರೆ ಮುಗಿಯಿತು. ಮಿನಾರಿನ ಮೆಟ್ಟಿಲು ಎತ್ತರ, ಇಕ್ಕಟ್ಟು. ಮೊಣಕಾಲು ನೋವಿನವರು ಪ್ರತಿ ಅಂತಸ್ತಿನ ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡು ಹತ್ತಲಿ. ಮುಂದಿನ ನಗಾರಖಾನೆಯ ಮ್ಯೂಸಿಯಂಗೆ ಶುಕ್ರವಾರ ರಜೆ.

ಈಗ ಮಳೆ. ಗುಮ್ಮಟ ಕಟ್ಟಿರುವುದು ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನಿಂದ, ಮೇಲೆ ಗಿಲಾವಾ. ದುಂಡನೆಯ ಮೈಮೇಲೆ ನೀರು ನಿಲ್ಲುವುದಿಲ್ಲ, ಇಳಿಯುತ್ತದೆ. ತೊಂದರೆ ಇರುವುದು ಇಳಿದು ಬಂದು ಸೇರುವ ಬುಡದಲ್ಲಿ, ದಳಗಳ ಅಲಂಕಾರದ ಹಿಂದೆ, ಮತ್ತು ಗುಮ್ಮಟದ ಸುತ್ತಲಿನ ಸಪಾಟು ಚಾವಣಿಯಲ್ಲಿ. ಅಲ್ಲಿನ ನೀರು ಹೊರಬೀಳುವ ಬಾಯಿಗೆ ಪಾರಿವಾಳದ ಗೂಡೋ ಎಲೆಯೋ ಕಟ್ಟಿದರೆ ಎರಡು ದಿನದ ಮಳೆ ಸಾಕು, ನೀರು ಗೋಡೆಯ ಎದೆಯೊಳಗೆ ಇಳಿಯುತ್ತದೆ. ಹೊರಗೋಡೆಯಲ್ಲಿ ಹತ್ತು ಅಡಿಗೂ ಹೆಚ್ಚು ಮುಂದೆ ಚಾಚಿದ ಛಜ್ಜಾ ಇದೆಯಲ್ಲ, ಅದು ಅಲಂಕಾರಕ್ಕಲ್ಲ. ಗೋಡೆಯ ಮೇಲೆ ಮಳೆ ಹೊಡೆಯದಂತೆ, ಮೇಲಿನಿಂದ ಬಿದ್ದ ನೀರು ಗೋಡೆಗೆ ತಾಗದೆ ದೂರ ಬೀಳುವಂತೆ ಮಾಡಿದ ಕೊಡೆ ಅದು. ಛಜ್ಜಾದ ಹಾಸುಗಲ್ಲುಗಳು ಕೆಳಗಿನ ಚಾಚುಗಲ್ಲುಗಳ ಆಸರೆಯಲ್ಲಿವೆ. ಅವುಗಳ ಹಿಂದುಗಡೆಯ ತುದಿ ಗೋಡೆಯೊಳಗೆ ಸಿಕ್ಕಿದ್ದು ಮೇಲಿನ ಕಟ್ಟಡದ ಭಾರ ಅದನ್ನು ಒತ್ತಿ ಹಿಡಿದಿರುತ್ತದೆ. ನೀರು ಇಳಿದು ಆ ತುದಿಯ ಗಚ್ಚು ಕರಗಿದರೆ ಹಿಡಿತ ಸಡಿಲಾಗಿ ಮುಂದಿನ ತುದಿ ಬಾಗುತ್ತದೆ. ಕಲ್ಲು ಒಡೆದಿರುವುದೇ ಇಲ್ಲ, ಆದರೂ ಬೀಳುತ್ತದೆ. ಹಳೆ ಕಟ್ಟಡದ ಛಜ್ಜಾದಡಿ ನಿಂತು ಸೆಲ್ಫಿ ತೆಗೆಯುವವರು ಮೊದಲು ತಲೆಯ ಮೇಲಿನ ಸಾಲು ನೇರವಾಗಿದೆಯೋ ನೋಡಬೇಕು.

ಗಚ್ಚಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈಗ ಆಗುತ್ತಿರುವ ಹೆಚ್ಚಿನ ಅನಾಹುತ ಇಲ್ಲೇ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಜಾಳಿಗೆಯಲ್ಲಿ ಸೋಸಿ, ನೀರಿನಡಿ ಕೆಲವು ವಾರ ಕೊಳೆಹಾಕಬೇಕು. ಅವಸರ ಮಾಡಿದರೆ ಅರಳದ ಸಣ್ಣ ಹರಳುಗಳು ಉಳಿದು, ಗಿಲಾವಾ ಆದ ಮೇಲೆ ತೇವ ಹೀರಿ ಉಬ್ಬಿ, ಗೋಡೆಯ ಮೇಲೆ ಸಿಡುಬಿನಂಥ ಕುಳಿ ಬೀಳುತ್ತವೆ. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಉಸುಕು. ತೇವ ತಾಗುವ ಜಾಗಕ್ಕೆ ಉಸುಕಿನ ಒಂದು ಪಾಲು ತೆಗೆದು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ ಹಾಕುತ್ತಾರೆ. ಆಗ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. ಇವನ್ನೆಲ್ಲ ಗಾಣದಲ್ಲಿ ಅರೆಯುವುದು ಬೆರೆಸಲಿಕ್ಕಷ್ಟೇ ಅಲ್ಲ, ಪ್ರತಿ ಉಸುಕಿನ ಕಣಕ್ಕೆ ಸುಣ್ಣ ಹಿಡಿಯಲಿಕ್ಕೆ. ಬೆಲ್ಲದ ನೀರು, ಬೇಲದ ಹಣ್ಣಿನ ಅಂಟು, ಅಳಲೆಕಾಯಿಯ ನೀರು ಹಾಕುವುದೂ ಉಂಟು. ಇವುಗಳ ಬಗ್ಗೆ ಪವಾಡದ ಮಾತು ಬಹಳ ಕೇಳುತ್ತೇವೆ. ಅಂಟು ಸ್ವಲ್ಪ ಹೆಚ್ಚುತ್ತದೆ, ಒಣಗುವುದು ನಿಧಾನವಾಗುತ್ತದೆ, ಅಷ್ಟೇ. ಸುಣ್ಣ ಸರಿ ಅರಳದಿದ್ದರೆ ಎಷ್ಟು ಬೆಲ್ಲ ಹಾಕಿದರೂ ವ್ಯರ್ಥ.

ಸುಣ್ಣದ ಗಚ್ಚು ಗಾಳಿಯನ್ನು ಎಳೆದುಕೊಂಡು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಕಲ್ಲಾಗುತ್ತದೆ. ದಪ್ಪ ಗೋಡೆಯಲ್ಲಿ ಇದಕ್ಕೆ ವರ್ಷಗಳೇ ಬೇಕು. ಆ ನಿಧಾನವೇ ಲಾಭ: ಕಟ್ಟಡ ತನ್ನ ಭಾರಕ್ಕೆ ಕುಳಿತುಕೊಳ್ಳುವಾಗ ಗಚ್ಚು ಒಂದಿಷ್ಟು ಬಗ್ಗುತ್ತದೆ, ತಟ್ಟನೆ ಸೀಳುವುದಿಲ್ಲ. ಇನ್ನೊಂದು ಗುಣ, ಒಳಹೊಕ್ಕ ತೇವ ಅದರ ಮೂಲಕವೇ ಹೊರಗೆ ಆರಿಹೋಗುತ್ತದೆ. ಸಿಮೆಂಟಿಗೆ ಈ ಎರಡೂ ಗುಣ ಇಲ್ಲ. ಹಳೆ ಗೋಡೆಯ ಸಂದಿಗೆ ಸಿಮೆಂಟು ತುಂಬಿದರೆ ತೇವ ಹೊರಬರಲು ಸಂದಿ ಬಿಟ್ಟು ಕಲ್ಲಿನ ಅಥವಾ ಇಟ್ಟಿಗೆಯ ಮೈಯನ್ನೇ ಹುಡುಕುತ್ತದೆ. ತೇವದ ಜೊತೆ ಬಂದ ಉಪ್ಪು ಮೈಯ ಹಿಂದೆ ಹರಳುಗಟ್ಟಿ ಪದರ ಪದರವಾಗಿ ಕಿತ್ತು ಹಾಕುತ್ತದೆ. ಕೆಲವು ವರ್ಷದ ನಂತರ ನೋಡಿದರೆ ಸಿಮೆಂಟಿನ ಗೆರೆ ಮುಂದೆ ಚಾಚಿ ನಿಂತಿರುತ್ತದೆ, ಕಲ್ಲು ಸವೆದು ಹಿಂದೆ ಸರಿದಿರುತ್ತದೆ. ಊರಿನ ಕೋಟೆಗೋಡೆಗೆ ಹೊಂದಿಕೊಂಡ ಮನೆಗಳಲ್ಲಿ ಇದನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ.

ಇನ್ನು ಗಿಡ. ಪಕ್ಷಿಯ ಹಿಕ್ಕೆಯಲ್ಲಿ ಬಂದ ಅರಳಿ, ಆಲ, ಬಸರಿಯ ಬೀಜ ಸಂದಿಯ ತೇವದಲ್ಲಿ ಚಿಗುರುತ್ತದೆ. ಬೆರಳುದ್ದ ಇದ್ದಾಗ ಬೇರುಸಹಿತ ಕಿತ್ತರೆ ಮುಗಿಯಿತು. ಹೆಬ್ಬೆರಳು ದಪ್ಪವಾದ ಮೇಲೆ ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಬರೀ ಕೊಂಬೆ ಕಡಿದರೆ ಇನ್ನಷ್ಟು ಬೇರು ಬಿಟ್ಟು ಚಿಗುರುತ್ತದೆ. ಸರಿಯಾದ ಕ್ರಮ ಎಂದರೆ ಮೋಟು ಬಿಟ್ಟು ಕಡಿದು, ಮೋಟಿನಲ್ಲಿ ತೂತು ಕೊರೆದು ಬೇರು ಸಾಯುವ ಔಷಧ ತುಂಬಿ, ತಿಂಗಳುಗಟ್ಟಲೆ ಕಾಯುವುದು. ಪೂರಾ ಒಣಗಿದ ಮೇಲೆ ಸಡಿಲಾದ ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ, ಬೇರು ತೆಗೆದು, ಅದೇ ಜಾಗಕ್ಕೆ ಸುಣ್ಣದ ಗಚ್ಚಿನಲ್ಲಿ ಮತ್ತೆ ಕೂರಿಸಬೇಕು. ಸಂರಕ್ಷಿತ ಸ್ಮಾರಕದಲ್ಲಿ ಇದನ್ನು ಪುರಾತತ್ವ ಇಲಾಖೆಯವರೇ ಮಾಡಬೇಕು. ನಾವು ಮಾಡಬಹುದಾದದ್ದು ಗಿಡ ಸಣ್ಣದಿದ್ದಾಗಲೇ, ಯಾವ ಮುಖದಲ್ಲಿ ಯಾವ ಎತ್ತರದಲ್ಲಿದೆ ಎಂದು ಫೋಟೋ ಸಹಿತ ಅವರಿಗೆ ಬರೆದು ತಿಳಿಸುವುದು.

ಇಬ್ರಾಹಿಂ ರೋಜಾದ ಬಗ್ಗೆ ಹೇಳದೆ ಮುಗಿಸಿದರೆ ಯಾರೂ ಕ್ಷಮಿಸಲಿಕ್ಕಿಲ್ಲ. ಒಂದೇ ಜಗತಿಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ನಡುವೆ ಹೊಂಡ. ಶಿಲ್ಪಿ ಮಲಿಕ್ ಸಂದಲ್, ಮುಗಿದದ್ದು 1626ರಲ್ಲಿ. ಮೊದಲು ರಾಣಿ ತಾಜ್ ಸುಲ್ತಾನಳಿಗೆಂದು ಎಬ್ಬಿಸಿದ ಕಟ್ಟಡ, ಅಲ್ಲಿ ಎರಡನೇ ಇಬ್ರಾಹಿಂನೂ ಮಲಗಿದ್ದಾನೆ. ಗೈಡುಗಳು ಇದಕ್ಕೂ ತಾಜಮಹಲಿಗೂ ಗಂಟು ಹಾಕುತ್ತಾರೆ. ಹಾಗೆ ಹೊಗಳಬೇಕಾದ ಅಗತ್ಯ ಇದಕ್ಕಿಲ್ಲ. ಒಳಕೋಣೆಯ ಚಾವಣಿ ನೋಡಿ. ಕೋಣೆ ಸುಮಾರು 40 ಅಡಿ ಚೌಕ. ನಾಲ್ಕೂ ಗೋಡೆಯಿಂದ ಬಾಗುತ್ತ ಬಂದ ಅಂಚು ಏಳೂವರೆ ಅಡಿಯಷ್ಟು ಒಳಕ್ಕೆ ಚಾಚಿದೆ. ಉಳಿದ ಸುಮಾರು 24 ಅಡಿ ಚೌಕ ಸಪಾಟು: ಕಲ್ಲಿನ ಹಾಸುಗಳು ಅಂಚಿಗೆ ಅಂಚು ತಾಗಿ ಕೂತಿವೆ, ಕೆಳಗೆ ತೊಲೆಯಿಲ್ಲ, ಕಂಬವಿಲ್ಲ. ಹಿಡಿದಿರುವುದು ಗಚ್ಚಿನ ಬಲ. ಇಂಥ ಚಾವಣಿಗೆ ಒಂದೇ ಶತ್ರು, ಮೇಲಿನಿಂದ ಇಳಿಯುವ ತೇವ. ಆದರೆ ಈ ಚಾವಣಿಯ ಮೇಲೆ, ಗುಮ್ಮಟದ ಅಡಿಯಲ್ಲಿ, ಇನ್ನೊಂದು ಖಾಲಿ ಕೋಣೆ ಇದೆ. ಮಳೆಯ ಪೆಟ್ಟು ಗುಮ್ಮಟಕ್ಕೆ, ಅದು ಸೋರಿದರೂ ಮೊದಲು ಆ ಕೋಣೆಗೆ. ಸಪಾಟು ಕಲ್ಲಿಗೆ ನೇರ ಮಳೆಯೇ ಇಲ್ಲ. ನಾನೂರು ವರ್ಷ ಅದು ನಿಂತದ್ದರಲ್ಲಿ ಗಚ್ಚಿನಷ್ಟೇ ಪಾಲು ಆ ಖಾಲಿ ಕೋಣೆಗೂ ಇದೆ. ಛಜ್ಜಾದ ಕೆಳಗೆ ಕಲ್ಲಿನಲ್ಲೇ ಕೊರೆದ ತೂಗು ಸರಪಳಿಗಳು ಹಲವು ಹೋಗಿವೆ, ಉಳಿದವನ್ನು ಹುಡುಕಿ ನೋಡಿ.

ಬಾರಾ ಕಮಾನಿನಲ್ಲಿ ಚಾವಣಿಯೇ ಇಲ್ಲ, ಆದ್ದರಿಂದ ಅದು ಪಾಠಶಾಲೆ. ಇದನ್ನು ತನ್ನ ಗೋರಿಗೆಂದು ಕಟ್ಟಿಸುತ್ತಿದ್ದ ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಕೆಲಸ ಅರ್ಧಕ್ಕೆ ನಿಂತಿತು. ಸುಮಾರು 215 ಅಡಿ ಚೌಕದ ಜಗತಿಯ ಮೇಲೆ ಕಮಾನುಗಳು ಬೋಳಾಗಿ ನಿಂತಿವೆ. ಗಿಲಾವಾ ಮುಚ್ಚಿದ ಕಟ್ಟಡದಲ್ಲಿ ಕಾಣದ ಕಲ್ಲಿನ ಜೋಡಣೆ ಇಲ್ಲಿ ಕಾಣುತ್ತದೆ. ಗಗನ ಮಹಲಿನದು ಬೇರೆ ಕಥೆ. 1561ರ ಆ ಅರಮನೆಯ 60 ಅಡಿಗೂ ಮಿಕ್ಕಿದ ನಡುಕಮಾನು ಉಳಿದಿದೆ, ಕಟ್ಟಿಗೆಯ ಮಹಡಿ ಹೋಗಿದೆ. ಉಪಲಿ ಬುರುಜು, ಮುಲುಕ್ ಮೈದಾನ್ ತೋಪು ನಿಮಗೆ ಗೊತ್ತಿರುವವೇ. ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಅದನ್ನು 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ರದ್ದು ಮಾಡಿದರು. ಪಂಚಲೋಹ ಎನ್ನುವವರಿದ್ದಾರೆ. ಅದು ತಾಮ್ರ ಮತ್ತು ತವರದ ಕಂಚು, ಗಂಟೆ ಎರಕ ಹೊಯ್ಯುವಂಥದ್ದು; ಬಡಿದರೆ ನಾದ ಬರುವುದೂ ಅದಕ್ಕೇ. ಬಡಿಯಿರಿ ಎಂದು ಹೇಳುತ್ತಿಲ್ಲ.

ಕೆಲವು ಕಟ್ಟಡ ಉಳಿದದ್ದು ಬಳಕೆಯಿಂದ. ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದದ್ದು 1885ರಲ್ಲಿ, ರೈಲು ಬಂದದ್ದು ಅದರ ಹಿಂದಿನ ವರ್ಷ. ಕಚೇರಿಗೆ ಜಾಗ ಬೇಕಿತ್ತು, ಅರಮನೆ, ಮಸೀದಿ, ಗೋರಿಗಳಲ್ಲೇ ಬ್ರಿಟಿಷ್ ಅಧಿಕಾರಿಗಳು ಕೂತರು. ಜೋಡ ಗುಮ್ಮಟದ ಒಂದರಲ್ಲಿ ಎಂಜಿನಿಯರರ ವಾಸ, ಬುಖಾರಾ ಮಸೀದಿಯಲ್ಲಿ ಅಂಚೆ ಕಚೇರಿ. ಪೂಜ್ಯ ಜಾಗದಲ್ಲಿ ಮೇಜು ಹಾಕಿದ್ದು ಸರಿಯಲ್ಲ. ಆದರೆ ಜನ ಇದ್ದ ಕಡೆ ಸೋರಿದ ಚಾವಣಿಯನ್ನು ಯಾರಾದರೂ ನೋಡುತ್ತಾರೆ, ಖಾಲಿ ಬಿಟ್ಟದ್ದನ್ನು ನೋಡುವವರಿಲ್ಲ. ಅರಕಿಲ್ಲೆಯ (ಊರ ನಡುವಿನ ಒಳಕೋಟೆಯ) ಕರೀಮುದ್ದೀನನ ಮಸೀದಿ 1320ರದ್ದು, ಗುಡಿಯ ಕಂಬಗಳಿಂದ ಕಟ್ಟಿದ್ದು. ಅಲ್ಲಿಯ ಶಾಸನದಲ್ಲಿ ಕಟ್ಟಿದವನ ಹೆಸರೂ ಇದೆ: ಸಾಲೋಟಗಿಯ ರೇವೋಯ. ಇಂಡಿ ತಾಲೂಕಿನ ಕುಶಲಕರ್ಮಿಯೊಬ್ಬನ ಹೆಸರು ಸುಲ್ತಾನರಿಗಿಂತ ಮೊದಲೇ ಈ ಊರಿನ ಕಲ್ಲಿನ ಮೇಲೆ ಬಿದ್ದಿದೆ.

ಪ್ರಶ್ನೋತ್ತರದಿಂದ

ಸ್ಮಾರಕದ ಹತ್ತಿರ ಮನೆ ಇದ್ದವರು ದುರಸ್ತಿ ಮಾಡಿಸಬಹುದೇ ಎಂದು ಕೇಳಿದ್ದಾರೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಅಳತೆ ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಇಲ್ಲಿ ಜಗಳ ಹೆಚ್ಚಾಗುವುದು ಈ ಅಳತೆಗೇ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಒಪ್ಪಿಗೆ ಸಿಗುವುದಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ನಿಯಂತ್ರಿತ ವಲಯದಲ್ಲಿ ಹೊಸದನ್ನೂ ಅನುಮತಿ ಪಡೆದು ಕಟ್ಟಬಹುದು. ನಮ್ಮೂರಿನಲ್ಲಿ ಸ್ಮಾರಕಗಳು ಒತ್ತೊತ್ತಾಗಿವೆ, ಒಂದರ ವಲಯ ಇನ್ನೊಂದರ ಮೇಲೆ ಬೀಳುತ್ತದೆ. ಆದ್ದರಿಂದ ಪಾಯ ತೋಡುವ ಮೊದಲೇ ಅರ್ಜಿ ಕೊಡಿ. ಹಳೆ ಮನೆಯ ಫೋಟೋ, ಉತಾರ (ಆಸ್ತಿಯ ದಾಖಲೆ), ತೆರಿಗೆಯ ಹಳೆ ಪಾವತಿ ಜೋಡಿಸಿಟ್ಟುಕೊಳ್ಳಿ, ಮನೆ ಯಾವಾಗಿನದು ಎಂದು ತೋರಿಸಲು ಇವೇ ಬೇಕಾಗುತ್ತವೆ.

ಇನ್ನೊಂದು ಪ್ರಶ್ನೆ: ಅಜ್ಜನ ಕಾಲದ ಗಚ್ಚಿನ ಮನೆ, ಗೋಡೆಯ ಬುಡದಲ್ಲಿ ಮೂರಡಿಯವರೆಗೆ ಗಿಲಾವಾ ಉದುರುತ್ತದೆ, ಎರಡು ಸಲ ಸಿಮೆಂಟು ಹೊಡೆಸಿದರೂ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ. ಮೂರನೇ ಸಲ ಹೊಡೆಸಿದರೆ ತೇವ ನಾಲ್ಕಡಿಗೆ ಏರುತ್ತದೆ. ಮೊದಲು ಹೊರಗೆ ಹೋಗಿ ನೋಡಿ, ಓಣಿಯ ರಸ್ತೆಗೆ ಪದರದ ಮೇಲೆ ಪದರ ಹಾಕಿ ಅದು ನಿಮ್ಮ ಮನೆಯ ನೆಲಕ್ಕಿಂತ ಮೇಲೆ ಬಂದಿರಬಹುದು, ಗಟಾರ ಗೋಡೆಗೆ ತಾಗಿರಬಹುದು. ಆ ನೀರನ್ನು ದೂರ ಮಾಡಿ. ಸಿಮೆಂಟಿನ ಗಿಲಾವಾವನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಕಿತ್ತು, ಒಂದು ಬೇಸಿಗೆಯಾದರೂ ಗೋಡೆಯನ್ನು ಹಾಗೇ ಬಿಡಿ. ಬೆಳ್ಳಗೆ ಉಬ್ಬಿದ ಉಪ್ಪನ್ನು ಒಣ ಬ್ರಷಿನಿಂದ ಗುಡಿಸಿ ಹೊರಗೆ ಚೆಲ್ಲಿ, ನೀರು ಹಾಕಿ ತೊಳೆಯಬೇಡಿ, ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಸಂದಿಗಳನ್ನು ಅವುಗಳ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ತುಸು ತೇವ ಮಾಡಿ, ಸುಣ್ಣದ ಗಚ್ಚು ಒತ್ತಿ ತುಂಬಿಸಿ. ಮೇಲಿನ ಗಿಲಾವಾ ತೆಳುವಾಗಿ ಎರಡು ಸಲ ಆಗಲಿ, ಒಂದೇ ಸಲ ದಪ್ಪಗೆ ಬೇಡ. ಹಸಿ ಗೋಣಿತಟ್ಟು ಇಳಿಬಿಟ್ಟು ಹತ್ತರಿಂದ ಹದಿನಾಲ್ಕು ದಿನ ತೇವ ಕಾಯಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಕೆಲಸ ಹಿಡಿಯಬೇಡಿ, ಬೇಗ ಒಣಗಿ ಕೂದಲೆಳೆ ಬಿರುಕು ಬೀಳುತ್ತದೆ. ದಸರೆ ಕಳೆದ ಮೇಲಿನ ಹವೆ ಸರಿ. ಬಣ್ಣಕ್ಕೆ ಸುಣ್ಣವೇ ಇರಲಿ, ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಮತ್ತೆ ಸಿಮೆಂಟು ಹೊಡೆಸಿದ ಹಾಗೆಯೇ. ಗೌಂಡಿಗೆ ಸುಣ್ಣದ ಕೆಲಸ ಬರುತ್ತದೋ ಇಲ್ಲವೋ ಎಂದು ಮೊದಲು ಒಂದು ಚದರ ಗಜ ಮಾಡಿಸಿ, ತಿಂಗಳು ಬಿಟ್ಟು ಉಗುರಿನಿಂದ ಗೀರಿ ನೋಡಿ, ಆಮೇಲೆ ಉಳಿದ ಗೋಡೆಗೆ ಒಪ್ಪಿಸಿ.